ಸೈಕಲ್ ಅಂಗಡಿಯ ಕೆಲಸಗಾರನೂ ಸಂಬಳದ ಚೀಟಿಯೂ
(ವಾಸ್ಕೋದಲ್ಲಿ ಕನ್ನಡ ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬಂದರಿನ ಕೆಲಸಗಾರರ ಬಗ್ಗೆ, ಗಣಿ ಲಾರಿಯವರ ಬಗ್ಗೆ, ಕಟ್ಟಡದ ಕೂಲಿಯವರ ಬಗ್ಗೆ ಇಂಥ ಸಭೆಗಳಲ್ಲಿ ಮಾತು ಆಗುತ್ತಲೇ ಇರುತ್ತದೆ. ಸೈಕಲ್ ಅಂಗಡಿಯವರ ಮಾತು ಬರುವುದಿಲ್ಲ. ಒಂದೊಂದು ಅಂಗಡಿಯಲ್ಲಿ ನಾವು ಇಬ್ಬರೋ ಮೂವರೋ ಇರುತ್ತೇವೆ. ಇನ್ನೂರು ಜನ ಕೂಗಿದರೆ ಅದಕ್ಕೆ ಬೇಡಿಕೆ ಎಂದು ಹೆಸರು; ಇಬ್ಬರು ಕೂಗಿದರೆ ಜಗಳ ಎನ್ನುತ್ತಾರೆ. ಹೀಗಾಗಿ ನಮಗೆ ಕೊಟ್ಟ ಈ ಸ್ವಲ್ಪ ಹೊತ್ತಿನಲ್ಲಿ ಆ ಕೆಲಸದ ವಿಷಯವನ್ನಷ್ಟೇ ಹೇಳುತ್ತೇವೆ.

1961ರ ಡಿಸೆಂಬರಿನಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿದ ಮೇಲೆ ವಿಜಾಪುರ, ಧಾರವಾಡ, ಬೆಳಗಾವಿ ಕಡೆಯ ಜನ ದುಡಿಮೆಗೆಂದು ಗೋವಾಕ್ಕೆ ಬರುವುದು ಹೆಚ್ಚಾಯಿತು. ವಾಸ್ಕೋ, ಬೈನಾ, ಜುವಾರಿನಗರ, ಮಡಗಾಂವ್, ಮಾಪುಸಾ, ಎಲ್ಲಿ ಹೋದರೂ ನಮ್ಮ ಮಾತು ಕೇಳುತ್ತದೆ. ಹಾಗೆ ಬಂದವರಲ್ಲಿ ಪಾನಾ ಹಿಡಿದು ಸೈಕಲ್ ಅಂಗಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತವರೂ ಕೆಲವರು. ಈಗ ಎಲ್ಲರ ಬಳಿ ಸ್ಕೂಟರ್ ಬಂತು, ಸೈಕಲ್ ಯಾರು ಕೇಳುತ್ತಾರೆ ಎಂದು ನೀವು ಹೇಳಬಹುದು. ನಾಳೆ ಬೆಳಿಗ್ಗೆ ಬಾಗಿಲು ತೆರೆದು ನೋಡಿ. ಪೋಂ ಪೋಂ ಎಂದು ಹಾರ್ನ್ ಒತ್ತುತ್ತಾ ಪಾವು ಮಾರುವ ಪೊದೇರ್ ಬರುತ್ತಾನೆ. ಹಿಂದಿನ ಕ್ಯಾರಿಯರ್ ಮೇಲೆ ದೊಡ್ಡ ಬಿದಿರಿನ ಬುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಪಾವಿನವರಲ್ಲಿ ನಮ್ಮ ಕಡೆಯ ಹುಡುಗರೂ ಇದ್ದಾರೆ. ಆ ಬುಟ್ಟಿಯ ಭಾರಕ್ಕೆ ಹಿಂದಿನ ಚಕ್ರದ ಕಡ್ಡಿ ಮುರಿದರೆ ಅವನ ಆ ದಿನದ ಸಂಪಾದನೆ ಅಲ್ಲಿಗೇ ನಿಂತಿತು. ಆಗ ಅವನು ಬರುವುದು ನಮ್ಮ ಬಳಿಗೆ.

ಈ ಕಡ್ಡಿಯ ಕೆಲಸವನ್ನು ಸ್ವಲ್ಪ ಹೇಳಬೇಕು. ಹಳೆಯ ದೊಡ್ಡ ಸೈಕಲ್ಲಿಗೆ ಮುಂದಿನ ಚಕ್ರದಲ್ಲಿ 32 ಕಡ್ಡಿ, ಹಿಂದಿನದರಲ್ಲಿ 40. ಭಾರವೆಲ್ಲ ಹಿಂದೆ ಬೀಳುವುದರಿಂದ ಅಲ್ಲಿ ಎಂಟು ಹೆಚ್ಚು. ಒಂದು ಮುರಿದರೆ ಅದರ ಎಳೆತ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ, ರಿಮ್ಮು ಒಂದು ಕಡೆ ವಾಲುತ್ತದೆ. ಹೊಸ ಕಡ್ಡಿ ಹಾಕಿದರೆ ಮುಗಿಯಲಿಲ್ಲ. ಚಕ್ರ ತಿರುಗಿಸಿ, ಕಣ್ಣಳತೆಯಲ್ಲಿ ನೋಡಿ, ಎಡಕ್ಕೆ ವಾಲಿದರೆ ಬಲದ ನಿಪ್ಪಲ್ ಕಾಲು ಸುತ್ತು ಬಿಗಿ ಮಾಡಬೇಕು, ಎಡದ್ದನ್ನು ಅಷ್ಟೇ ಸಡಿಲಿಸಬೇಕು. ಅರ್ಧ ಸುತ್ತು ಹೆಚ್ಚಾದರೆ ಇನ್ನೊಂದು ಕಡೆ ಕೆಟ್ಟಿತು. ಬೆರಳಿನಿಂದ ಕಡ್ಡಿ ಮೀಟಿ ಶಬ್ದ ಕೇಳಿಯೇ ಬಿಗಿ ಎಷ್ಟು ಎಂದು ತಿಳಿಯುವವರು ನಮ್ಮಲ್ಲಿದ್ದಾರೆ. ಇದನ್ನು ಯಾವ ಶಾಲೆಯಲ್ಲಿ ಕಲಿತರು? ಎಡಗಡೆಯ ಪೆಡಲಿಗೆ ಉಲ್ಟಾ ಮರೆ ಇರುತ್ತದೆ; ತುಳಿಯುತ್ತಾ ತುಳಿಯುತ್ತಾ ಸಡಿಲಾಗಿ ಕಳಚದಿರಲಿ ಎಂದು ಹಾಗೆ ಮಾಡಿದ್ದಾರೆ. ಅರಿಯದವನು ಬಲಕ್ಕೆ ತಿರುಗಿಸುವ ಹಾಗೆಯೇ ಎಡಕ್ಕೂ ಬಲ ಹಾಕಿ ಕ್ರ್ಯಾಂಕನ್ನೇ ಹಾಳು ಮಾಡುತ್ತಾನೆ. ಹಬ್ಬಿನ ಕೋನ್ ಬಿಗಿಯಾದರೆ ಗುಂಡು ಸವೆಯುತ್ತದೆ, ಸಡಿಲಾದರೆ ಚಕ್ರ ಅಲ್ಲಾಡುತ್ತದೆ. ಇವೆರಡರ ನಡುವೆ ಕೂದಲೆಳೆಯಷ್ಟು ಜಾಗ.

ಇಲ್ಲಿಯ ಹವೆಯೂ ನಮ್ಮ ಕೆಲಸ ಹೆಚ್ಚಿಸುತ್ತದೆ. ಬಯಲುಸೀಮೆಯಲ್ಲಿ ಎರಡು ವರ್ಷ ಬಾಳುವ ಚೈನು ಸಮುದ್ರದ ಉಪ್ಪುಗಾಳಿಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ, ಕೆಂಪು ಜಂಬಿಟ್ಟಿಗೆಯ ಕೆಸರು. ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ತುಂಬಿ, ಮತ್ತೆ ಜೋಡಿಸುವುದರಲ್ಲಿ ದಿನ ಹೋಗುತ್ತದೆ.

ಇನ್ನು ಹೊಸ ಸೈಕಲ್ಲುಗಳು. ನಾವು ಕಲಿಯುವಾಗ ಅಂಗಡಿಗೆ ಬರುತ್ತಿದ್ದವು ಹೀರೋ, ಅಟ್ಲಾಸ್, ಹರ್ಕ್ಯುಲಿಸ್. ಅಟ್ಲಾಸಿನವರು 1951ರಲ್ಲಿ ಸೋನಿಪತ್ತಿನಲ್ಲಿ ಶುರು ಮಾಡಿದವರು. ಸಾಹಿಬಾಬಾದಿನ ಕಾರ್ಖಾನೆಯನ್ನು 2020ರ ಜೂನ್ 3ರಂದು ನಿಲ್ಲಿಸಿದರು. ಆ ದಿನವೇ ವಿಶ್ವ ಸೈಕಲ್ ದಿನ, ನೋಡಿ. ಅದೇ ವರ್ಷ ಕೊರೋನಾ ಕಾಲದಲ್ಲಿ ಗೇರಿನ ಸೈಕಲ್ಲಿಗೆ ಬೇಡಿಕೆ ಏರಿತು. ಈಗ ಅಂಗಡಿಗೆ ಬರುವವು ಡಿಸ್ಕ್ ಬ್ರೇಕಿನವು. ಕೆಲವಕ್ಕೆ ಖನಿಜ ಎಣ್ಣೆ, ಕೆಲವಕ್ಕೆ ಕಾರಿಗೆ ಹಾಕುವಂಥ ಬ್ರೇಕ್ ಎಣ್ಣೆ. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಒಳಗಿನ ರಬ್ಬರ್ ಸೀಲು ಕೆಟ್ಟು ಬ್ರೇಕೇ ಹಿಡಿಯುವುದಿಲ್ಲ. ಡಿಸ್ಕಿನ ಮೇಲೆ ನಮ್ಮ ಗ್ರೀಸಿನ ಬೆರಳು ತಾಗಿದರೂ ಹಾಗೆಯೇ. ಇಳಿಜಾರಿನಲ್ಲಿ ಬರುವ ಮಗುವಿನ ಪ್ರಾಣ ಆ ಕೆಲಸದ ಮೇಲೆ ನಿಂತಿದೆ. ನಲವತ್ತು ದಾಟಿದ ನಮ್ಮಂಥವರು ಇದನ್ನೆಲ್ಲ ಕೆಲಸ ಮಾಡುತ್ತಲೇ ಕಲಿತೆವು.

ಇಷ್ಟೆಲ್ಲ ಮಾಡುವವನ ಹೆಸರಿನ ಮುಂದೆ ಅಂಗಡಿಯ ಪುಸ್ತಕದಲ್ಲಿ ಏನು ಬರೆದಿರುತ್ತದೆ? ಪುಸ್ತಕ ಇದ್ದರೆ, ಹೆಲ್ಪರ್ ಎಂದು. ಹದಿನೈದು ವರ್ಷ ಪಾನಾ ಹಿಡಿದವನೂ ಹೆಲ್ಪರ್, ನಿನ್ನೆ ಬಂದು ಗಾಳಿ ಹಾಕುವವನೂ ಹೆಲ್ಪರ್. ಈ ಒಂದು ಪದದಲ್ಲಿ ದುಡ್ಡಿದೆ. ಸರ್ಕಾರ ಕನಿಷ್ಠ ವೇತನ ಗೊತ್ತುಮಾಡುವಾಗ ಅಕುಶಲ, ಅರೆಕುಶಲ, ಕುಶಲ ಎಂದು ವಿಂಗಡಿಸುತ್ತದೆ. ಹೆಲ್ಪರ್ ಎಂದು ಬರೆದರೆ ಕೆಳಗಿನ ದರ. ಧಣಿ ಕೆಟ್ಟವನೆಂದು ನಾವು ಹೇಳುತ್ತಿಲ್ಲ. ಅನೇಕ ಅಂಗಡಿಗಳಲ್ಲಿ ಧಣಿಯೂ ನಮ್ಮ ಪಕ್ಕದಲ್ಲೇ ಕುಳಿತು ಪಂಕ್ಚರ್ ಹಾಕುತ್ತಾನೆ. ಆದರೆ ಬರೆಯುವ ಕೈ ಅವನದು, ಬರೆಸಿಕೊಳ್ಳುವ ಬಾಯಿ ನಮ್ಮದು ಆಗಬೇಕು.

ಕಾನೂನು ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೇರವಾಗಿ ತಿಳಿದುಕೊಳ್ಳೋಣ. ಭವಿಷ್ಯನಿಧಿಗೆ 20 ಜನ ಬೇಕು. ಇ.ಎಸ್.ಐ.ಗೆ, ಗ್ರ್ಯಾಚುಟಿಗೆ 10 ಜನ ಬೇಕು. ನಾವು ಮೂವರು. ಮೂವತ್ತು ವರ್ಷ ದುಡಿದರೂ ಈ ಬಾಗಿಲುಗಳು ನಮಗೆ ತಾವಾಗಿ ತೆರೆಯುವುದಿಲ್ಲ. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಎಣಿಕೆ ಕಡಿಮೆಯಾದ ಮಾತ್ರಕ್ಕೆ ಬೆನ್ನುನೋವು ಕಡಿಮೆಯಾಗುವುದಿಲ್ಲ.

ಆದರೆ ಒಂದು ಬಾಗಿಲು ತೆರೆದಿದೆ. 1948ರ ಕನಿಷ್ಠ ವೇತನ ಕಾಯ್ದೆ ಈಗ 2019ರ ವೇತನ ಸಂಹಿತೆಯೊಳಗೆ ಸೇರಿದೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಇದರಲ್ಲಿ ಹತ್ತು ಇಪ್ಪತ್ತರ ಎಣಿಕೆ ಇಲ್ಲ. ಒಬ್ಬನೇ ಕೆಲಸಗಾರ ಇರುವ ಅಂಗಡಿಗೂ ಕನಿಷ್ಠ ವೇತನ ಅನ್ವಯ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಹೆಚ್ಚಿನ ಹೊತ್ತು ದುಡಿಸಿಕೊಂಡರೆ ಎರಡರಷ್ಟು ದರ. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳಲ್ಲಿ ಲೆಕ್ಕ ತೀರಿಸಬೇಕು. ಎಲ್ಲಕ್ಕಿಂತ ಮುಖ್ಯ, ಸಂಬಳದ ಚೀಟಿ ಕೊಡಬೇಕು. ವಾರದ ರಜೆ, ಕೆಲಸದ ಹೊತ್ತು ಇವುಗಳಿಗೆ ಗೋವಾದ 1973ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಇದೆ.

ಚೀಟಿ ಏಕೆ ಮುಖ್ಯ ಎಂಬುದಕ್ಕೆ ಒಂದು ಸಂಗತಿ. ನಮ್ಮ ಪರಿಚಯದ ಒಬ್ಬ ಹುಡುಗನ ಕೈಯಲ್ಲಿ ಬೆಲೆಬಾಳುವ ಗೇರಿನ ಭಾಗವೊಂದು ಮುರಿಯಿತು. ಅಂಗಡಿಯವರು ಎರಡು ತಿಂಗಳ ಸಂಬಳ ಪೂರ್ತಿ ಹಿಡಿದರು. ಕಾನೂನಿನ ಪ್ರಕಾರ ಅವನ ಉಪೇಕ್ಷೆಯಿಂದಲೇ ನಷ್ಟವಾಗಿದ್ದರೆ ಮಾತ್ರ ಹಿಡಿಯಬಹುದು, ಅದಕ್ಕೆ ಮೊದಲು ಅವನ ಮಾತು ಕೇಳಬೇಕು, ಎಷ್ಟೇ ಆದರೂ ಸಂಬಳದ ಅರ್ಧಕ್ಕಿಂತ ಹೆಚ್ಚು ಮುಟ್ಟುವಂತಿಲ್ಲ. ಇದನ್ನು ತಿಳಿದು ನಾವು ಕೇಳಲು ಹೋದೆವು. ಇವನು ನಮ್ಮಲ್ಲಿ ಕೆಲಸಕ್ಕೇ ಇಲ್ಲ, ಸುಮ್ಮನೆ ಬಂದು ಕೂರುತ್ತಿದ್ದ ಎಂದುಬಿಟ್ಟರು. ಹುಡುಗನ ಬಳಿ ಒಂದು ತುಂಡು ಕಾಗದವೂ ಇರಲಿಲ್ಲ. ಅವನು ಊರಿಗೆ ಹೋದ.

ಮೈಯ ವಿಷಯವೂ ಇದೆ. ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಬೇಗ ಆವಿಯಾಗುವ ದ್ರಾವಕದ್ದು. ಮುಚ್ಚಿದ ಕೋಣೆಯಲ್ಲಿ ದಿನವಿಡೀ ಎಳೆದುಕೊಂಡರೆ ತಲೆಸುತ್ತು ಬರುತ್ತದೆ. ಮಳೆಗಾಲದಲ್ಲಿ ಬಾಗಿಲು ಎಳೆದುಕೊಂಡು ಆ ಕೆಲಸ ಮಾಡಬೇಡಿ. ಸೀಮೆಎಣ್ಣೆಯಿಂದ ಕೈ ತೊಳೆಯಬೇಡಿ, ಚರ್ಮ ಬಿರಿಯುತ್ತದೆ; ಸೋಪು ಸಾಕು. ಕುಕ್ಕರಗಾಲಿನ ಬದಲು ಸೈಕಲ್ಲನ್ನು ಎತ್ತಿ ಹಿಡಿಯುವ ಸ್ಟ್ಯಾಂಡ್ ಬೇಕೆಂದು ಧಣಿಯನ್ನು ಕೇಳಿ. ಕೆಲಸವೂ ಬೇಗ ಆಗುತ್ತದೆ, ಅವರಿಗೂ ಲಾಭವೇ.

ಊರಿಂದ ತಮ್ಮನನ್ನೋ ಅಕ್ಕನ ಮಗನನ್ನೋ ಕರೆತಂದು ಅಂಗಡಿಗೆ ಸೇರಿಸುವ ವಾಡಿಕೆ ನಮ್ಮಲ್ಲೇ ಇದೆ. 1986ರ ಬಾಲಕಾರ್ಮಿಕ ಕಾಯ್ದೆಯನ್ನು 2016ರಲ್ಲಿ ತಿದ್ದಿದ ಮೇಲೆ 14 ತುಂಬದವರನ್ನು ಬೇರೆಯವರ ಅಂಗಡಿಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಆ ಹುಡುಗನಿಗೆ ಸೈಕಲ್ ಕೊಡಿಸಿ, ಶಾಲೆಗೆ ಕಳಿಸಿ. ಪಾನಾ ಎಲ್ಲಿಗೂ ಓಡಿಹೋಗುವುದಿಲ್ಲ.

ಈಗ ಕೆಲಸದ ಮಾತು. ಚೀಟಿ ಸಿಗುವವರು ಒಂದನ್ನೂ ಎಸೆಯದೆ ಇಟ್ಟುಕೊಳ್ಳಿ. ಸಿಗದವರು ಇಂದಿನಿಂದಲೇ ಒಂದು ನೋಟುಪುಸ್ತಕದಲ್ಲಿ ತಾರೀಖು, ಬಂದ ಹೊತ್ತು, ಹೋದ ಹೊತ್ತು, ಕೈಗೆ ಬಂದ ಹಣ ಬರೆಯಿರಿ. ಕನ್ನಡದಲ್ಲಿಯೇ ಬರೆಯಿರಿ, ತೊಂದರೆ ಇಲ್ಲ. ಸಾಧ್ಯವಾದರೆ ಸಂಬಳ ಬ್ಯಾಂಕಿಗೆ ಹಾಕಲು ಹೇಳಿ. ಪಾಸ್‌ಬುಕ್ಕಿನ ಸಾಲು ಯಾರೂ ಅಳಿಸಲಾರರು. ಬಾಕಿ ಕೇಳಲು ಮೂರು ವರ್ಷಗಳ ಅವಧಿ ಇದೆ, ಆದ್ದರಿಂದ ಹಳೆಯದಾಯಿತೆಂದು ಸುಮ್ಮನಿರಬೇಡಿ. ಅರ್ಜಿ ಬರೆಯಲು ಬಾರದವರು ಸಭೆ ಮುಗಿದ ಮೇಲೆ ಹಿಂದಿನ ಬೆಂಚಿನ ಬಳಿ ಬನ್ನಿ. ನಾವು ಕಾಗದ, ಪೆನ್ನು ತಂದಿದ್ದೇವೆ. ಅಂಗಡಿಯ ಹೆಸರು, ಸೇರಿದ ವರ್ಷ, ನೀವು ಮಾಡುವ ಕೆಲಸ ಇಷ್ಟನ್ನು ಬಾಯಲ್ಲಿ ಹೇಳಿದರೆ ಸಾಕು. ಕೆಲಸ ಯಾವುದೆಂದು ಕೇಳಿದಾಗ ಮಾತ್ರ ಹೆಲ್ಪರ್ ಎಂದು ಹೇಳಬೇಡಿ. ಚಕ್ರ ಕಟ್ಟುತ್ತೇನೆ, ಬ್ರೇಕ್ ಕೂರಿಸುತ್ತೇನೆ ಎಂದು ಒಂದೊಂದಾಗಿ ಹೇಳಿ, ಹಾಗೆಯೇ ಬರೆದುಕೊಳ್ಳುತ್ತೇವೆ.