ಕಾಲೇಜಿಗೂ ಒಂದು ಕಾಯಿದೆ ಇದೆ

(ಸಂಘದ ವಾರ್ಷಿಕ ಸಭೆಯಲ್ಲಿ ಪದವಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ನಾನು ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವಳು. ಎರಡೂ ಭಾಷೆಗಳಲ್ಲಿ ಓಡಾಡುವ ಒಂದು ಪದದಿಂದಲೇ ಮಾತು ಆರಂಭಿಸುತ್ತೇನೆ. ನಮ್ಮ ಮನೆಗಳಲ್ಲಿ ಮಗುವಿನ ಕೈಗೆ ಮೊದಲು ಕೊಡುವ ಅಕ್ಷರಗಳ ಪುಸ್ತಕಕ್ಕೆ 'ಕಾಯಿದಾ' ಎನ್ನುತ್ತೇವೆ. ಅದೇ ಪದ ಕನ್ನಡದಲ್ಲಿ 'ಕಾಯಿದೆ' ಆಗಿದೆ, ಅರ್ಥ ಕಾನೂನು, ನಿಯಮ. ಮೊದಲನೆಯ ಕಾಯಿದಾವನ್ನು ನಾವೆಲ್ಲರೂ ಓದಿದ್ದೇವೆ. ಆದರೆ ಕಾಲೇಜಿಗೆ ಸೇರಿದಾಗ ಅಲ್ಲಿಯೂ ಒಂದು ಕಾಯಿದೆ ಇದೆ, ಅದನ್ನೂ ಓದಬೇಕು ಎಂದು ನಮ್ಮಲ್ಲಿ ಎಷ್ಟು ಜನರಿಗೆ ಯಾರಾದರೂ ಹೇಳಿದ್ದಾರೆ? ನನಗಂತೂ ಯಾರೂ ಹೇಳಲಿಲ್ಲ. ಅದರ ಬೆಲೆಯನ್ನು ನಾನು ತೆತ್ತಿದ್ದೇನೆ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

2014ರಲ್ಲಿ ನಾನು ಬಿ.ಎ. ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆದೆ. ಫಲಿತಾಂಶ ಬಂದಾಗ ಒಂದು ಪತ್ರಿಕೆಯಲ್ಲಿ ಅನುತ್ತೀರ್ಣ. ನನ್ನ ಪಕ್ಕದ ಬೆಂಚಿನ ಗೆಳತಿಗೂ ಅದೇ ಪತ್ರಿಕೆಯಲ್ಲಿ ಅನುತ್ತೀರ್ಣ. ಅವಳ ತಂದೆ ಉಪನ್ಯಾಸಕರು. ಅವರು ಮರುದಿನವೇ ಮಗಳ ಕೈಯಲ್ಲಿ ಉತ್ತರಪತ್ರಿಕೆಯ ನಕಲು ಪ್ರತಿಗೆ ಅರ್ಜಿ ಹಾಕಿಸಿದರು. ಪ್ರತಿ ಬಂದಾಗ ನೋಡಿದರೆ ಒಂದು ಉತ್ತರದ ಅಂಕಗಳನ್ನು ಕೂಡಿಸಿಯೇ ಇರಲಿಲ್ಲ. ಅವಳು ಪಾಸಾದಳು. ನಾನು ಮನೆಯಲ್ಲಿ ಕುಳಿತು ಅತ್ತೆ. ಅಬ್ಬಾ ಟೈಲರ್. "ಹೋಗಲಿ ಬೇಟಾ, ಮತ್ತೆ ಬರೆದರಾಯಿತು" ಎಂದರು. ಅವರಿಗೆ ಗೊತ್ತಿದ್ದುದು ಅಷ್ಟೇ. ಮೂರು ವಾರದ ನಂತರ ಅಂಕಪಟ್ಟಿ ತರಲು ಕಾಲೇಜಿಗೆ ಹೋದಾಗ ನೋಟಿಸ್ ಬೋರ್ಡಿನಲ್ಲಿ ಮರುಮೌಲ್ಯಮಾಪನದ ಸೂಚನೆ ಇನ್ನೂ ಅಂಟಿಕೊಂಡಿತ್ತು. ಕೊನೆಯ ದಿನಾಂಕ ಮುಗಿದುಹೋಗಿತ್ತು.

ನನ್ನ ಪತ್ರಿಕೆಯಲ್ಲಿಯೂ ತಪ್ಪಾಗಿತ್ತು ಎಂದು ನಾನು ಹೇಳುವುದಿಲ್ಲ. ನಿಜವಾಗಿಯೂ ನಾನೇ ಸರಿಯಾಗಿ ಬರೆದಿರಲಿಕ್ಕಿಲ್ಲ. ಆದರೆ ನನಗೆ ಅದು ಇಂದಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಮರುವರ್ಷ ಕಿರಿಯರ ಜೊತೆ ಕುಳಿತು ಪರೀಕ್ಷೆ ಬರೆದು ಪಾಸಾದೆ. ಅಷ್ಟರಲ್ಲಿ ಇನ್ನೊಂದು ನಿಯಮ ಬದಲಾಗಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ 2015ರಿಂದ ಬಿ.ಎಡ್. ಎರಡು ವರ್ಷದ ಕೋರ್ಸ್ ಆಯಿತು. ನನ್ನ ಗೆಳತಿ ಒಂದು ವರ್ಷದ ಬಿ.ಎಡ್.ನ ಕೊನೆಯ ತಂಡದಲ್ಲಿ ಓದಿ 2015ರಲ್ಲಿ ಶಿಕ್ಷಕಿಯಾಗಲು ಅರ್ಹಳಾದಳು. ನಾನು 2017ರಲ್ಲಿ. ಒಂದು ನೋಟಿಸನ್ನು ಓದದಿದ್ದುದಕ್ಕೆ ಎರಡು ವರ್ಷ. ಆ ಎರಡು ವರ್ಷವೂ ಅಬ್ಬಾ ರಾತ್ರಿ ಹನ್ನೊಂದರವರೆಗೆ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು.

ವಿದ್ಯಾರ್ಥಿಗಳೇ, ನನ್ನ ಗೆಳತಿ ನನಗಿಂತ ಜಾಣೆ ಎಂದೇನೂ ಅಲ್ಲ. ಅವಳ ಮನೆಯಲ್ಲಿ ಕಾಲೇಜಿನ ಕಾಯಿದೆ ತಿಳಿದ ಒಬ್ಬರಿದ್ದರು, ನಮ್ಮ ಮನೆಯಲ್ಲಿ ಇರಲಿಲ್ಲ. ವ್ಯತ್ಯಾಸ ಇಷ್ಟೇ. ವಿದ್ಯಾವಂತರ ಮನೆಯ ಮಕ್ಕಳು ಈ ನಿಯಮಗಳನ್ನು ಊಟ ಮಾಡುವಾಗ ಕೇಳಿಯೇ ಕಲಿಯುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಓದಿಯೇ ಕಲಿಯಬೇಕು. ಆದ್ದರಿಂದ ಇಂದು ನಾಲ್ಕು ಪದಗಳನ್ನು ತಮ್ಮ ಮುಂದೆ ಇಡುತ್ತೇನೆ: ಹಾಜರಿ, ನಕಲು, ಅರ್ಜಿ, ರಸೀದಿ. ನಾಲ್ಕೂ ಉರ್ದುವಿನಲ್ಲಿಯೂ ಇವೆ, ಕನ್ನಡದಲ್ಲಿಯೂ ಇವೆ. ಯಾರಿಗೂ ಹೊಸವಲ್ಲ.

ಮೊದಲನೆಯದು ಹಾಜರಿ

ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಪದವಿ ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಶೇ. 75 ಹಾಜರಿ ಬೇಕು. ಬಿ.ಎಡ್.ಗೆ ಇದು ಇನ್ನೂ ಬಿಗಿ. 2014ರ ನಿಯಮಾವಳಿ ತರಗತಿಗಳಿಗೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಿ ಕೇಳುತ್ತದೆ. ಶೇ. 75 ಎಂದರೆ ಏನು ಎಂದು ಲೆಕ್ಕ ಹಾಕಿ ನೋಡೋಣ. ಒಂದು ವಿಷಯಕ್ಕೆ ವಾರಕ್ಕೆ 4 ತರಗತಿಯಂತೆ 16 ವಾರಕ್ಕೆ 64 ತರಗತಿ. ಅದರಲ್ಲಿ 48ಕ್ಕೆ ಹಾಜರಿರಲೇಬೇಕು. ತಪ್ಪಿಸಬಹುದಾದದ್ದು 16, ಅಂದರೆ ನಾಲ್ಕು ವಾರ. ಈ ನಾಲ್ಕು ವಾರದಲ್ಲೇ ಜ್ವರವೂ ಬರಬೇಕು, ಬಸ್ಸೂ ತಪ್ಪಬೇಕು, ಮದುವೆಯೂ ಆಗಬೇಕು. ಹಲವು ಕಡೆ ಹಾಜರಿಯನ್ನು ವಿಷಯವಾರು ಲೆಕ್ಕ ಮಾಡುತ್ತಾರೆ. ಎಲ್ಲ ವಿಷಯ ಸೇರಿಸಿ ಸರಾಸರಿ ಚೆನ್ನಾಗಿದೆ ಎಂದು ನೆಮ್ಮದಿಯಿಂದ ಕೂರುವಂತಿಲ್ಲ.

ಇಲ್ಲಿ ಕುಳಿತಿರುವ ತಾಯಂದಿರಿಗೂ ತಂದೆಯರಿಗೂ ಒಂದು ವಿನಂತಿ. ಅಕ್ಕನ ಮದುವೆ ಎಂದು ಮಗಳನ್ನು ಹದಿನೈದು ದಿನ ಮನೆಯಲ್ಲಿ ನಿಲ್ಲಿಸಿಕೊಳ್ಳುತ್ತೇವೆ. ರಮಜಾನ್ ವ್ಯಾಪಾರ ಎಂದು ಮಗನನ್ನು ತಿಂಗಳು ಪೂರ್ತಿ ಅಂಗಡಿಯಲ್ಲಿ ಕೂರಿಸುತ್ತೇವೆ. ಅವನು ಓದಿನಲ್ಲಿ ಮುಂದಿದ್ದರೂ ಪರೀಕ್ಷೆಯ ಪ್ರವೇಶಪತ್ರ ಸಿಗದೆ ಹೋಗಬಹುದು. ಆಗ ಕಾಲೇಜನ್ನು ದೂರಿ ಪ್ರಯೋಜನವಿಲ್ಲ. ಕಾಯಿಲೆಯಾದರೆ ವೈದ್ಯರ ಪ್ರಮಾಣಪತ್ರವನ್ನು ಆಗಲೇ ಕೊಡಿ, ಸೆಮಿಸ್ಟರ್ ಕೊನೆಯಲ್ಲಿ ಅಲ್ಲ.

ಹಾಜರಿ ವಿದ್ಯಾರ್ಥಿಗೆ ಮಾತ್ರವಲ್ಲ, ಅಧ್ಯಾಪಕರಿಗೂ ಇದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯು.ಜಿ.ಸಿ., 2018ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಪೂರ್ಣಾವಧಿ ಅಧ್ಯಾಪಕರಿಗೆ ವಾರಕ್ಕೆ 40 ಗಂಟೆಯ ಕೆಲಸ, ವರ್ಷಕ್ಕೆ 180 ಬೋಧನಾ ದಿನ ಎಂದು ಗೊತ್ತುಮಾಡಿತು. ಅದರಲ್ಲಿ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ನೇರವಾಗಿ ಪಾಠ ಮಾಡಬೇಕು. ದಿನಕ್ಕೆ ಕನಿಷ್ಠ 5 ಗಂಟೆ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಸಿಗುವಂತಿರಬೇಕು. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅನೇಕ ತರಗತಿಗಳು ಅತಿಥಿ ಉಪನ್ಯಾಸಕರಿಂದ ನಡೆಯುತ್ತಿವೆ, ಅವರ ಕಷ್ಟ ಬೇರೆ. ಅದನ್ನು ಮರೆಯಬಾರದು. ಆದರೂ ಸಂಶಯ ಕೇಳಲು ಅಧ್ಯಾಪಕರ ಕೊಠಡಿಗೆ ಹೋಗುವುದು ಅವರಿಗೆ ತೊಂದರೆ ಕೊಟ್ಟಂತೆ ಎಂದು ಯಾರೂ ಹೆದರಬೇಡಿ. ಅದು ಅವರ ಕೆಲಸದ ಭಾಗ.

ಎರಡನೆಯದು ನಕಲು

ಪರೀಕ್ಷೆಯಲ್ಲಿ ಚೀಟಿ ಇಟ್ಟು ಬರೆಯುವುದು ತಪ್ಪು ಎಂದು ಎಲ್ಲರಿಗೂ ಗೊತ್ತು. ಆದರೆ ಪ್ರಾಜೆಕ್ಟ್, ಪ್ರಬಂಧ ಎಂದ ತಕ್ಷಣ ಇನ್ನೊಬ್ಬರ ಬರಹವನ್ನು ಎತ್ತಿ ಹಾಕುವುದು ತಪ್ಪೆಂದೇ ನಮಗೆ ಅನ್ನಿಸುವುದಿಲ್ಲ. ಯು.ಜಿ.ಸಿ. 2018ರಲ್ಲಿ ಕೃತಿಚೌರ್ಯ ತಡೆಗೆ ಪ್ರತ್ಯೇಕ ನಿಯಮಾವಳಿ ಹೊರಡಿಸಿದೆ. ಸ್ನಾತಕೋತ್ತರ ಪದವಿಯ ಪ್ರಬಂಧದಲ್ಲಿ, ಪಿಎಚ್.ಡಿ. ಮಹಾಪ್ರಬಂಧದಲ್ಲಿ ಬೇರೆ ಬರಹದೊಂದಿಗೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40 ಇದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷದವರೆಗೆ ತಿದ್ದಿ ಕೊಡಲೂ ಅವಕಾಶವಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಮೂಲವನ್ನು ಹೆಸರಿಸಿ ಉದ್ಧರಿಸಿದ ಮಾತು ಈ ಲೆಕ್ಕಕ್ಕೆ ಬರುವುದಿಲ್ಲ.

ಈ ನಿಯಮದಲ್ಲಿ ನನಗೆ ಹಿಡಿಸಿದ ಅಂಶವೆಂದರೆ, ಅಧ್ಯಾಪಕರಿಗೂ ಅದೇ ತಕ್ಕಡಿ. ಅವರ ಲೇಖನದಲ್ಲಿ ಹೋಲಿಕೆ ಶೇ. 40 ದಾಟಿದರೆ ಲೇಖನ ಹಿಂತೆಗೆಯಬೇಕು, ಒಂದು ವಾರ್ಷಿಕ ವೇತನ ಬಡ್ತಿ ಹೋಗುತ್ತದೆ, ಎರಡು ವರ್ಷ ಹೊಸ ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾಗುವಂತಿಲ್ಲ. 60 ದಾಟಿದರೆ ಎರಡು ಬಡ್ತಿ, ಮೂರು ವರ್ಷ. ಇಂದು ಮೊಬೈಲಿಗೆ ಹೇಳಿದರೆ ಅದೇ ಪ್ರಬಂಧ ಬರೆದು ಕೊಡುವ ಕಾಲ ಬಂದಿದೆ. ನಾವು ಬರೆಯದ್ದನ್ನು ನಮ್ಮದೆಂದು ಕೊಟ್ಟರೆ ಮೌಖಿಕ ಪರೀಕ್ಷೆಯಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೇವೆ. ಹಕ್ಕು ಕೇಳುವವರ ಕೈ ಶುದ್ಧವಾಗಿರಬೇಕು.

ಮೂರನೆಯದು ಅರ್ಜಿ

ನಮ್ಮವರಿಗೆ ಬಾಯಿಮಾತಿನಲ್ಲಿ ಕೇಳುವ ಅಭ್ಯಾಸ. "ಸಾರ್, ಸ್ವಲ್ಪ ನೋಡಿ ಸಾರ್" ಎಂದು ಕಚೇರಿಯ ಕಿಟಕಿಯ ಮುಂದೆ ನಿಲ್ಲುತ್ತೇವೆ. ಬಾಯಿಮಾತಿಗೆ ದಿನಾಂಕವಿಲ್ಲ, ಉತ್ತರ ಕೊಡಬೇಕಾದ ಹೊಣೆಯೂ ಇಲ್ಲ. ಅರ್ಜಿಗೆ ಎರಡೂ ಉಂಟು.

2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟ್, ಸಿ.ಬಿ.ಎಸ್.ಇ.ಗೆ ಸಂಬಂಧಿಸಿದ ಪ್ರಕರಣದಲ್ಲಿ, ಮೌಲ್ಯಮಾಪನವಾದ ಉತ್ತರಪತ್ರಿಕೆ 2005ರ ಮಾಹಿತಿ ಹಕ್ಕು ಕಾಯಿದೆಯ ಅಡಿಯಲ್ಲಿ 'ಮಾಹಿತಿ'ಯೇ, ಪರೀಕ್ಷೆ ಬರೆದವರು ಅದನ್ನು ನೋಡಬಹುದು, ಪ್ರತಿ ಪಡೆಯಬಹುದು ಎಂದು ತೀರ್ಪು ನೀಡಿತು. ಮೌಲ್ಯಮಾಪಕರ ಹೆಸರನ್ನು ಕೊಡಬೇಕಿಲ್ಲ ಎಂದೂ, ಪತ್ರಿಕೆಗಳನ್ನು ಕಾಯ್ದಿಡುವ ಅವಧಿಯೊಳಗೆ ಮಾತ್ರ ಈ ಹಕ್ಕು ಎಂದೂ ಹೇಳಿತು. ಹಾಗೆಯೇ, ನೋಡುವ ಹಕ್ಕು ಬೇರೆ, ಮರುಮೌಲ್ಯಮಾಪನ ಬೇರೆ. ಮರುಮೌಲ್ಯಮಾಪನ ಆಯಾ ವಿಶ್ವವಿದ್ಯಾನಿಲಯದ ನಿಯಮ, ಶುಲ್ಕ, ಕೊನೆಯ ದಿನಾಂಕದಂತೆಯೇ ನಡೆಯುತ್ತದೆ. ಆದ್ದರಿಂದ ಫಲಿತಾಂಶ ಬಂದ ದಿನ ಅಳುವುದಕ್ಕೆ ಮೊದಲು ಆ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ನಾನು 2014ರಲ್ಲಿ ಅತ್ತಾಗ ಈ ತೀರ್ಪು ಬಂದು ಮೂರು ವರ್ಷವಾಗಿತ್ತು.

ಕಾಲೇಜಿನಲ್ಲಿ ಅನ್ಯಾಯವಾಯಿತು ಎನ್ನಿಸಿದರೆ ಜಗಳವಾಡಬೇಕಿಲ್ಲ, ಓದು ಬಿಡಬೇಕಾಗಿಯೂ ಇಲ್ಲ. ಯು.ಜಿ.ಸಿ.ಯ 2023ರ ನಿಯಮಾವಳಿಯಂತೆ ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದರಲ್ಲಿ ಮಹಿಳೆಯೊಬ್ಬರು ಇರಲೇಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಸಮಾಧಾನವಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾನಿಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರಂಥವರು ಆ ಸ್ಥಾನದಲ್ಲಿರುತ್ತಾರೆ. ಕಾಗದದಲ್ಲಿರುವ ನಿಯಮವೆಲ್ಲ ತಾನಾಗಿಯೇ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕೇಳದೆ ಇದ್ದರೆ ಖಂಡಿತ ನಡೆಯುವುದಿಲ್ಲ.

ನಾಲ್ಕನೆಯದು ರಸೀದಿ

ಶುಲ್ಕ ಕಟ್ಟಿದರೆ ರಸೀದಿ, ಅರ್ಜಿ ಕೊಟ್ಟರೆ ಸ್ವೀಕೃತಿಯ ಮುದ್ರೆ. ಇದನ್ನು ಕೇಳಲು ಸಂಕೋಚ ಬೇಡ. ಒಂದು ಕಾಲೇಜಿಗೆ ಸೇರಿ, ಆಮೇಲೆ ಬೇರೆ ಕಡೆ ಸೀಟು ಸಿಕ್ಕಿದಾಗ "ಹಣವೂ ಇಲ್ಲ, ಮೂಲ ಅಂಕಪಟ್ಟಿಯೂ ಇಲ್ಲ" ಎಂಬ ಉತ್ತರ ಕೇಳಿ ಹಿಂತಿರುಗಿದ ಕುಟುಂಬಗಳನ್ನು ನಾನು ನೋಡಿದ್ದೇನೆ. ಯು.ಜಿ.ಸಿ.ಯ 2018ರ ಅಧಿಸೂಚನೆ ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಪರಿಶೀಲಿಸಿ ಹಿಂತಿರುಗಿಸಬೇಕು. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಅಲ್ಪ ಮೊತ್ತ ಕಳೆದು ಪೂರ್ತಿ ಶುಲ್ಕ, 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ. 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50 ಹಿಂತಿರುಗಿಸಬೇಕು ಎಂದು ಆ ಅಧಿಸೂಚನೆ ಗೊತ್ತುಮಾಡಿತು. ಕೆಲವು ವರ್ಷಗಳಲ್ಲಿ ಆಯೋಗ ಪ್ರತ್ಯೇಕ ದಿನಾಂಕಗಳನ್ನೂ ಪ್ರಕಟಿಸಿದೆ. ಆ ವರ್ಷದ ಸೂಚನೆಯನ್ನು ನೋಡಿಕೊಳ್ಳಿ. ರಸೀದಿ ಇಲ್ಲದಿದ್ದರೆ ಇವಾವುದನ್ನೂ ಕೇಳುವುದು ಕಷ್ಟ.

ಇನ್ನೊಂದು ಎಚ್ಚರಿಕೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ವ್ಯವಸ್ಥೆ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಆದ್ದರಿಂದ ಅಣ್ಣನಿಗಿದ್ದ ನಿಯಮ ತಂಗಿಗೆ ಇರುವುದಿಲ್ಲ. ಹಿರಿಯರನ್ನು ಕೇಳಿ, ಆದರೆ ಕೊನೆಗೆ ನಿಮ್ಮ ತಂಡದ ನಿಯಮಾವಳಿಯನ್ನೇ ಓದಿ.

ಸಂಘದ ಹಿರಿಯರಲ್ಲಿ ಒಂದು ಪ್ರಾರ್ಥನೆ. ತಾವು ಪ್ರತಿ ವರ್ಷ ಪುಸ್ತಕ ಕೊಡುತ್ತೀರಿ, ವಿದ್ಯಾರ್ಥಿವೇತನ ಕೊಡುತ್ತೀರಿ, ಅದು ದೊಡ್ಡ ಕೆಲಸ. ಅದರ ಜೊತೆಗೆ ಸಂಘದ ಕಚೇರಿಯಲ್ಲಿ ಒಂದು ಕಪಾಟು ಇಡೋಣ. ನಮ್ಮ ಮಕ್ಕಳು ಓದುವ ವಿಶ್ವವಿದ್ಯಾನಿಲಯಗಳ ನಿಯಮಾವಳಿಗಳನ್ನು ಮುದ್ರಿಸಿ ಅಲ್ಲಿ ಇಡೋಣ. ಪ್ರವೇಶದ ತಿಂಗಳಲ್ಲಿಯೂ, ಫಲಿತಾಂಶದ ವಾರದಲ್ಲಿಯೂ ಸಂಜೆ ಎರಡು ಗಂಟೆ ಒಬ್ಬ ಪದವೀಧರರು ಅಲ್ಲಿ ಕುಳಿತು ಅರ್ಜಿ ಬರೆಯಲು ಸಹಾಯ ಮಾಡಲಿ. ಮೊದಲ ಸರದಿ ನನ್ನದಾಗಲಿ. ಮನೆಯಲ್ಲಿ ಉಪನ್ಯಾಸಕ ತಂದೆ ಇಲ್ಲದ ಮಕ್ಕಳಿಗೆ ಆ ಕಪಾಟು, ಆ ಕುರ್ಚಿ ಮನೆಯ ಹಿರಿಯರಂತೆ ಇರಲಿ.

ವಿದ್ಯಾರ್ಥಿಗಳೇ, ನಾಳೆ ಕಾಲೇಜಿಗೆ ಹೋದಾಗ ಮೊದಲು ನೋಟಿಸ್ ಬೋರ್ಡಿನ ಮುಂದೆ ಎರಡು ನಿಮಿಷ ನಿಲ್ಲಿ. ಚಿಕ್ಕಂದಿನಲ್ಲಿ ಕಾಯಿದಾ ಓದಿದ ಹಾಗೆಯೇ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿ.