ಬದಲಾವಣೆಯ ಮುನ್ಸೂಚನೆ

(ನಮ್ಮ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಮ್ಮಲ್ಲಿ ಹಲವರ ಮಕ್ಕಳು ಇಂದು ಗಣಕಯಂತ್ರದ ಕೆಲಸಕ್ಕೆ ಸೇರಿದ್ದಾರೆ. ಯಂತ್ರಕ್ಕೆ ಅಪ್ಪಣೆ ಬರೆಯಲು ಪೈಥಾನ್ ಮುಂತಾದ ಭಾಷೆಗಳಿವೆ. ಆ ಭಾಷೆಯನ್ನು ನಡೆಸುವವರು ನಿಯಮ ಬದಲಿಸಿದರೆ, ನಿನ್ನೆಯವರೆಗೆ ಸರಿಯಾಗಿದ್ದ ಬರಹ ಇಂದು ಕೆಡಬಹುದು. ಅದನ್ನು ಬಳಸುವವರಿಗೆ ಮೊದಲೇ ಹೇಗೆ ತಿಳಿಸಬೇಕು? ಈ ಪ್ರಶ್ನೆ ಹೋಟೆಲಿನಲ್ಲಿ, ಗಿರಣಿಯಲ್ಲಿ ದುಡಿದ ನಮಗೆ ಹೊಸದಲ್ಲ.

1957ರ ಏಪ್ರಿಲ್ 1ನ್ನು ನೆನೆಯಿರಿ. ಅದುವರೆಗೆ ರೂಪಾಯಿಗೆ 16 ಆಣೆ, 64 ಪೈಸೆ. ಅಂದಿನಿಂದ 100 ಪೈಸೆ. ಕಾನೂನು 1955ರಲ್ಲಿಯೇ ಆಗಿತ್ತು. ಹಳೆಯ ನಾಣ್ಯ, ಹೊಸ ನಾಣ್ಯ ಕೆಲವು ಕಾಲ ಜೊತೆಯಲ್ಲೇ ಓಡಿದವು. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂಬ ಲೆಕ್ಕದ ಪಟ್ಟಿಯೂ ಇತ್ತು. ಎಲ್ಲಕ್ಕೂ ಮಿಗಿಲಾಗಿ, ಹೊಸದನ್ನು 'ನಯಾ ಪೈಸೆ' ಎಂದು ಕರೆದರು. ಹೆಸರು ಅದೇ ಇದ್ದು ಬೆಲೆ ಮಾತ್ರ ಬೇರೆಯಾಗಿದ್ದರೆ ಗಲ್ಲೆಯ ಮುಂದೆ ದಿನವೂ ಜಗಳ! ಜನಕ್ಕೆ ರೂಢಿಯಾದ ಮೇಲೆ, 1964ರ ಜೂನ್ 1ರಂದು, 'ನಯಾ' ಎಂಬುದನ್ನು ಕೈಬಿಟ್ಟರು.

ಪೈಥಾನಿನ ಮೂರನೆಯ ಆವೃತ್ತಿ 2008ರ ಡಿಸೆಂಬರಿನಲ್ಲಿ ಬಂತು. ಹಳೆಯದರಲ್ಲಿ 7ನ್ನು 2ರಿಂದ ಭಾಗಿಸಿದರೆ 3, ಹೊಸದರಲ್ಲಿ ಮೂರೂವರೆ. ಯಂತ್ರ ನಿಂತುಹೋದರೆ ತಪ್ಪು ತಿಳಿಯುತ್ತದೆ. ನಿಲ್ಲದೆ ಬೇರೆ ಉತ್ತರ ಕೊಟ್ಟರೆ ಯಾರಿಗೆ ತಿಳಿಯಬೇಕು? ಸದ್ದಿಲ್ಲದ ಬದಲಾವಣೆಯೇ ಹೆಚ್ಚು ಅಪಾಯದ್ದು. ಇದನ್ನರಿತು, ಹೊಸ ಭಾಗಾಕಾರವನ್ನು ಬೇಕಾದವರು ಮೊದಲೇ ಅಭ್ಯಾಸ ಮಾಡಲು 2001ರಿಂದಲೇ ಅವಕಾಶವಿಟ್ಟಿದ್ದರು. ಹಳೆಯದಕ್ಕೆ 2015ರವರೆಗೆ ಎಂದಿದ್ದ ಗಡುವನ್ನು 2020ಕ್ಕೆ ಮುಂದೂಡಿದರು.

ಒಂದು ಕಡೆ ಎಡವಿದರು. 2010ರ ಆವೃತ್ತಿಯಲ್ಲಿ, 'ಇದು ಮುಂದೆ ಹೋಗಲಿದೆ' ಎಂಬ ಎಚ್ಚರಿಕೆ ತಾನಾಗಿ ಕಾಣದಂತೆ ಮಾಡಿದರು. ತಿದ್ದಲಾಗದ ಬಳಕೆದಾರರಿಗೆ ಕಿರಿಕಿರಿ ತಪ್ಪಿತು; ಆದರೆ ತಿದ್ದಬೇಕಾದವರ ಕಣ್ಣಿಗೂ ಬೀಳಲಿಲ್ಲ. 2018ರಲ್ಲಿ, ಬರೆದವರು ನೇರವಾಗಿ ಓಡಿಸುವ ಬರಹದ ಮಟ್ಟಿಗೆ, ಅದನ್ನು ಮತ್ತೆ ಕಾಣಿಸಿದರು.

ಬಂಧುಗಳೇ, ಸಂಬಳ, ಕೆಲಸದ ಹೊತ್ತು, ಪಾಳಿಗಳನ್ನು ಬದಲಿಸಲು 21 ದಿನಗಳ ನೋಟೀಸು ಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯ 9-ಎ ಕಲಮು ಹೇಳಿತ್ತು. 2020ರ ಸಂಹಿತೆಯಲ್ಲಿಯೂ ಆ 21 ದಿನ ಉಳಿದಿದೆ. ಆದರೆ ಗೋಡೆಗೆ ಅಂಟಿಸಿದ ಗುಜರಾತಿ ಕಾಗದವನ್ನು ನಿನ್ನೆ ಊರಿನಿಂದ ಬಂದ ಹುಡುಗ ಓದಬಲ್ಲನೇ? ಅಂಟಿಸಿದ ಮಾತ್ರಕ್ಕೆ ತಿಳಿಸಿದಂತಾಗಲಿಲ್ಲ. ಏನು ಬದಲಾಗುತ್ತದೆ, ಎಂದಿನಿಂದ, ಏಕೆ, ನಾನೇನು ಮಾಡಬೇಕು — ಈ ನಾಲ್ಕೂ ಅವನಿಗೆ ತಿಳಿದಾಗಲೇ ಅದು ನೋಟೀಸು.

ಆದ್ದರಿಂದ ಇನ್ನು ಮುಂದೆ ಯಾವ ನೋಟೀಸು ಬಂದರೂ, ಓದಬಲ್ಲವರು ಅದನ್ನು ಓದಲಾರದವರಿಗೆ ಕನ್ನಡದಲ್ಲಿ ಓದಿ ಹೇಳಿರಿ. ಗಣಕದ ಕೆಲಸದ ಮಕ್ಕಳಿಗೂ ಹೇಳಿರಿ: ಬದಲಿಸುವವನಿಗೆ ಅದು ಒಂದು ದಿನದ ಕೆಲಸ, ಹೊಂದಿಕೊಳ್ಳುವವನಿಗೆ ಹಲವು ದಿನದ ದುಡಿಮೆ. ಆ ದುಡಿಮೆಗೆ ಬೇಕಾದ ಕಾಲವನ್ನು ಕೊಡುವುದು ಉಪಕಾರವಲ್ಲ, ನ್ಯಾಯ.