ಮಾತಾಡುವ ಹಕ್ಕು ಯಾರದು?

(ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆ ಇವುಗಳ ವಿಚಾರವನ್ನು ಇಂಥ ವೇದಿಕೆಗಳಿಂದ ತಾವು ಬೇಕಾದಷ್ಟು ಕೇಳಿದ್ದೀರಿ. ಇಂದು ನಾನು ಎತ್ತಿಕೊಂಡಿರುವ ವಿಷಯ ಸಣ್ಣದೆಂದು ತೋರಬಹುದು. ಗಂಡಸರೂ ಹೆಂಗಸರೂ ಒಬ್ಬರೊಡನೊಬ್ಬರು ಹೇಗೆ ಮಾತಾಡುತ್ತಾರೆ, ಯಾರ ಮಾತು ನಡೆಯುತ್ತದೆ, ಯಾರು ಬಾಯಿ ಮುಚ್ಚಿಕೊಂಡಿರಬೇಕು ಎಂಬುದೇ ಆ ವಿಷಯ. ಕೂಲಿಯ ಪ್ರಶ್ನೆಗೂ ಇದಕ್ಕೂ ಹತ್ತಿರದ ನಂಟಿದೆ. ಅದನ್ನು ಮುಂದೆ ತೋರಿಸುತ್ತೇನೆ.

ಮೊದಲು ಮನೆಯನ್ನೇ ನೋಡೋಣ. ನಮ್ಮ ಭಾಷೆಯಲ್ಲಿ ‘ನೀನು’ ಇದೆ, ‘ನೀವು’ ಇದೆ. ಎಷ್ಟೋ ಮನೆಗಳಲ್ಲಿ ಹೆಂಡತಿ ಗಂಡನಿಗೆ ‘ನೀವು’ ಎನ್ನುತ್ತಾಳೆ. ಗಂಡ ಅವಳಿಗೆ ‘ನೀನು’ ಎನ್ನುತ್ತಾನೆ. ಅವನ ಹೆಸರನ್ನು ಅವಳು ನಾಲಗೆಯ ಮೇಲೆ ತರುವಂತಿಲ್ಲ. ‘ನಮ್ಮ ಮನೆಯವರು’ ಎಂದೋ, ‘ಇವರು’ ಎಂದೋ ಹೇಳಬೇಕು. ಇದು ಗೌರವವೆಂದು ತಾವು ಹೇಳುತ್ತೀರಿ. ಗೌರವ ಒಳ್ಳೆಯದೇ. ಆದರೆ ಅದು ಒಂದೇ ಕಡೆಗೆ ಏಕೆ ಹರಿಯಬೇಕು?

ಇದರಿಂದ ಆಗುವ ನಷ್ಟ ಬರಿಯ ಮನಸ್ಸಿನದಲ್ಲ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951-52ರಲ್ಲಿ ನಡೆಯಿತು. ಮತದಾರರ ಪಟ್ಟಿ ಬರೆಯಲು ಹೋದವರಿಗೆ ಉತ್ತರ ಭಾರತದ ಹಲವು ಪ್ರಾಂತಗಳಲ್ಲಿ ಲಕ್ಷಾಂತರ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಹೆಸರಿಲ್ಲದವರನ್ನು ಪಟ್ಟಿಯಲ್ಲಿ ಸೇರಿಸಲಾಗದೆಂದು ಅಂದಿನ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಪಟ್ಟುಹಿಡಿದರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರ ನಮೂದನ್ನು ಹೊಡೆದುಹಾಕಬೇಕಾಯಿತು. ಸಂವಿಧಾನ ಕೊಟ್ಟ ಮತವನ್ನು ಯಾವ ಶತ್ರುವೂ ಕಸಿದುಕೊಳ್ಳಲಿಲ್ಲ. ಹೊರಗಿನವರ ಮುಂದೆ ಹೆಣ್ಣು ಹೆಸರು ಹೇಳಬಾರದೆಂಬ ಮನೆಯ ಪದ್ಧತಿಯೇ ಕಸಿದುಕೊಂಡಿತು.

ಇನ್ನು ಬಜಾರಿಗೆ ಬನ್ನಿ. ಬಜಾರಿನಲ್ಲಿ ಗಟ್ಟಿಯಾಗಿ ಕೂಗಿ ಸರಕು ಮಾರುವ ಗಂಡಸು ಜಾಣ ವ್ಯಾಪಾರಿ. ಅದೇ ಗಟ್ಟಿ ದನಿಯಲ್ಲಿ ತನ್ನ ನ್ಯಾಯ ಕೇಳುವ ಹೆಂಗಸು ‘ಬಜಾರಿ’! ಎದುರುತ್ತರ ಕೊಟ್ಟರೆ ‘ಗಂಡುಬೀರಿ’. ಹೆಂಡತಿಯ ಮಾತು ಕೇಳುವವನು ‘ಅಮ್ಮಾವ್ರ ಗಂಡ’. ಒಂದೊಂದು ಪದವೂ ಒಂದೊಂದು ಬೇಲಿ. ಹೆಣ್ಣು ಮಾತಾಡಬಾರದು, ಗಂಡು ಕೇಳಬಾರದು. ಹೀಗಾದರೆ ಆ ಮನೆಯಲ್ಲಿ ವಿಚಾರ ವಿನಿಮಯ ನಡೆಯುವುದಾದರೂ ಎಂತು?

ಬೇಲಿ ಹೆಣ್ಣಿಗೆ ಮಾತ್ರವಲ್ಲ. ‘ಅಳುವ ಗಂಡಸನ್ನು ನಂಬಬಾರದು, ನಗುವ ಹೆಂಗಸನ್ನು ನಂಬಬಾರದು’ ಎಂಬ ಗಾದೆಯನ್ನು ಎಲ್ಲರೂ ಬಲ್ಲಿರಿ. ಆದುದರಿಂದ ಗಂಡಸು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೆಲಸ ಹೋಗುವ ಭಯ, ಬಡ್ಡಿಯ ಸಾಲ, ಅಂಗಡಿಯ ನಷ್ಟ, ಎಲ್ಲವನ್ನೂ ನುಂಗಿಕೊಳ್ಳುತ್ತಾನೆ. ‘ನಿನಗೇನು ತಿಳಿಯುತ್ತದೆ?’ ಎಂಬ ಒಂದೇ ಮಾತಿನಿಂದ ಹೆಂಡತಿಯ ಪ್ರಶ್ನೆಯನ್ನು ಅಡಗಿಸುತ್ತಾನೆ. ಒಂದು ದಿನ ಅವನು ಕಣ್ಣು ಮುಚ್ಚಿದಾಗ ಆ ತಾಯಿಗೆ ಪ್ರಾವಿಡೆಂಟ್ ಫಂಡಿನ ಸಂಖ್ಯೆ ಗೊತ್ತಿಲ್ಲ, ವಿಮೆಯ ಪತ್ರ ಎಲ್ಲಿದೆಯೋ ಗೊತ್ತಿಲ್ಲ, ಯಾರಿಗೆ ಎಷ್ಟು ಕೊಡಬೇಕೆಂಬುದೂ ಗೊತ್ತಿಲ್ಲ. ಸಾಲಗಾರ ಹೇಳಿದ್ದೇ ಲೆಕ್ಕ. ಅಕ್ಕಿ ಬೇಳೆಯ ಬೆಲೆ, ಮಕ್ಕಳ ಫೀಸು, ಅಂಗಡಿಯ ಉದ್ದರಿ ಎಲ್ಲವನ್ನೂ ತೂಗಿಸಿ ತಿಂಗಳು ಕಳೆಯುವವಳಿಗೆ ಲೆಕ್ಕ ತಿಳಿಯದೆಂದು ನಂಬಿ ಕುಳಿತ ಫಲ ಇದು.

ಇನ್ನು ನಮ್ಮ ಸಂಘಗಳ ವಿಚಾರ. ಹೆಂಗಸರಿಗೆ ಸಭೆಯ ಮಾತು ಬಾರದೆಂದು ಹೇಳುವವರು ಅಹಮದಾಬಾದಿನ ಚರಿತ್ರೆಯನ್ನು ಓದಲಿ. 1918ರಲ್ಲಿ ಅಲ್ಲಿನ ಗಿರಣಿ ಕಾರ್ಮಿಕರು ಶೇಕಡಾ 35ರಷ್ಟು ಕೂಲಿ ಹೆಚ್ಚಳ ಕೇಳಿ ಮುಷ್ಕರ ಹೂಡಿದಾಗ, ಗಾಂಧೀಜಿಯವರ ಜೊತೆಗೆ ಅವರ ಮುಂದಾಳಾಗಿ ನಿಂತವರು ಅನಸೂಯಾ ಸಾರಾಭಾಯಿ. ಎದುರು ಪಕ್ಷದಲ್ಲಿದ್ದ ಗಿರಣಿ ಮಾಲೀಕರ ಮುಖಂಡ ಅವರ ಒಡಹುಟ್ಟಿದ ತಮ್ಮ ಅಂಬಾಲಾಲ್. ಕಾರ್ಮಿಕರು ಆಕೆಯನ್ನು ದೊಡ್ಡಕ್ಕ ಎಂಬರ್ಥದಲ್ಲಿ ‘ಮೋಟಾಬೆನ್’ ಎಂದು ಕರೆದರು. ಪಂಚಾಯಿತಿಯ ತೀರ್ಪಿನಲ್ಲಿ ಶೇಕಡಾ 35 ದೊರಕಿತು.

ಅಷ್ಟು ದೂರವೂ ಬೇಡ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪ್ರಾವಿಡೆಂಟ್ ಫಂಡಿನ ನಿಯಮ ಬದಲಿಸಿತು. ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ಕಾರ್ಮಿಕರು ತೆಗೆಯುವಂತಿಲ್ಲವೆಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟು ಬೀದಿಗಿಳಿದರು. ದೊಡ್ಡ ಮುಖಂಡರು ಕರೆದು ತಂದವರಲ್ಲ ಅವರು. ಲಾಠಿಯೇಟು ಬಿದ್ದರೂ ಹಿಂಜರಿಯಲಿಲ್ಲ. 19ರಂದೇ ಸರ್ಕಾರ ಆ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. ಅದರ ಲಾಭ ಆ ಹೆಣ್ಣುಮಕ್ಕಳಿಗೆ ಮಾತ್ರ ಸಿಕ್ಕಿತೇ? ದೇಶದ ಗಂಡಾಳುಗಳ ಹಣವೂ ಉಳಿಯಿತು. ಕೂಲಿಗೂ ಹೆಣ್ಣಿನ ಮಾತಿಗೂ ನಂಟಿದೆಯೆಂದು ನಾನು ಹೇಳಿದ್ದು ಇದನ್ನೇ.

ಕಾನೂನೂ ಒಂದಿಷ್ಟು ಬಾಯಿ ಕೊಟ್ಟಿದೆ. 2013ರ ಕಾಯಿದೆಯ ಪ್ರಕಾರ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ, ಲೈಂಗಿಕ ಕಿರುಕುಳದ ದೂರು ಕೇಳಲು ಮಹಿಳೆಯ ಅಧ್ಯಕ್ಷತೆಯ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಅಂಗಡಿಗಳಲ್ಲಿ ದುಡಿಯುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಬರೆಯಲು ಬಾರದವಳಿಗೆ ಬರೆದುಕೊಳ್ಳಲು ನೆರವಾಗಬೇಕೆಂದೂ ಕಾಯಿದೆಯಲ್ಲಿದೆ. ಆದರೆ ದೂರಿತ್ತವಳನ್ನೇ ‘ಬಜಾರಿ’ ಎಂದು ನಾವು ಕರೆದರೆ ಆ ಕಾಯಿದೆ ಕಾಗದದ ಮೇಲೆಯೇ ಉಳಿಯುತ್ತದೆ.

ಆದುದರಿಂದ ಸಂಗಾತಿಗಳೇ, ತಮ್ಮಲ್ಲಿ ನನ್ನ ಬಿನ್ನಹ ಮೂರೇ. ಸಂಬಳದ ಚೀಟಿ, ಸಾಲದ ಲೆಕ್ಕ, ಪ್ರಾವಿಡೆಂಟ್ ಫಂಡಿನ ಸಂಖ್ಯೆ, ಇವನ್ನು ಈ ವಾರವೇ ಮನೆಯಲ್ಲಿ ಹೆಂಡತಿಯ ಮುಂದಿಟ್ಟು ಮಾತಾಡಿ. ಸಂಘದ ಸಭೆಯನ್ನು ಹೆಂಗಸರು ಬರಲಾಗುವ ಹೊತ್ತಿನಲ್ಲಿ ಕರೆಯಿರಿ. ಬಂದವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಮರೆಯಬೇಡಿ, ಮೊದಲು ಅವರನ್ನು ಕೇಳಿ. ಅಂಗಡಿಗೆ ಬಂದ ಹೆಣ್ಣುಮಗಳು ವ್ಯವಹಾರ ಮಾತಾಡಿದರೆ ‘ಮನೆಯವರನ್ನು ಕಳಿಸಮ್ಮ’ ಎನ್ನಬೇಡಿ.

ತಾಯಂದಿರೇ, ತಮಗೂ ಒಂದು ಮಾತು. ಮಗಳಿಗೆ ‘ಸುಮ್ಮನಿರು’ ಎಂದೂ ಮಗನಿಗೆ ‘ಹೆಣ್ಣಿನ ಹಾಗೆ ಅಳಬೇಡ’ ಎಂದೂ ಕಲಿಸುವುದನ್ನು ಇಂದಿಗೇ ಬಿಡಿ. ಇಬ್ಬರೂ ಬಾಯಿಬಿಟ್ಟು ಮಾತಾಡುವ ಮನೆಯನ್ನು ಸಾಲಗಾರನೂ ಮಾಲೀಕನೂ ಸುಲಭವಾಗಿ ಮೋಸಗೊಳಿಸಲಾರ.